ಉಸ್ತಾದ ಕಣದಲ್ಲೇ ಉಳಿಯುವ ಆಟ

ಸುಖಪಡುವುದಕ್ಕೂ ಒಂದು ಶಾಸ್ತ್ರ ಬೇಕು ಎಂದು ನಂಬಿದ್ದ ದೊರೆಯೊಬ್ಬ ನಮ್ಮ ಬಸವಕಲ್ಯಾಣದಲ್ಲಿ ಕೂತು ಆಳಿದ. ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಮಗ, ಮೂರನೆಯ ಸೋಮೇಶ್ವರ. 1129ರ ಹೊತ್ತಿಗೆ ಅವನು ಸಂಸ್ಕೃತದಲ್ಲಿ ಬರೆಸಿದ್ದೋ ಬರೆದದ್ದೋ ಆದ ‘ಮಾನಸೋಲ್ಲಾಸ’ದಲ್ಲಿ ನೂರು ಅಧ್ಯಾಯಗಳಿವೆ. ಅದರಲ್ಲಿ ವಿನೋದಕ್ಕೇ ಇಪ್ಪತ್ತು, ಕ್ರೀಡೆಗೇ ಇಪ್ಪತ್ತು. ಆನೆ ಓಡಿಸುವುದು, ಕುದುರೆಯೇರಿ ಚೆಂಡು ಹೊಡೆಯುವುದು, ಮಲ್ಲರ ಕಾಳಗ, ಕೋಳಿ ಅಂಕ, ಟಗರಿನ ಕಾಳಗ, ಮೀನು ಬೇಟೆ, ಹಾಡು, ವಾದ್ಯ, ಕುಣಿತ, ಕಥೆ ಇವೆಲ್ಲ ವಿನೋದದ ಪಾಲು. ಕ್ರೀಡೆಯ ಪಾಲಿಗೆ ಉಯ್ಯಾಲೆ, ನೀರೆರಚಾಟ, ಮರಳಾಟ, ಬೆಳದಿಂಗಳಾಟ, ಒಗಟು, ಚದುರಂಗ, ಪಗಡೆ, ಕವಡೆ. ಯಾವುದನ್ನೂ ಅವನು ‘ಇದು ಹಗುರದ್ದು’ ಎಂದು ಬದಿಗೆ ಸರಿಸಿದವನಲ್ಲ. ಮೀನಿಗೆ ಎಂಥ ಗಾಳ, ಎಂಥ ಎರೆ ಎಂಬುದನ್ನೂ ರಾಜನೀತಿಯಷ್ಟೇ ಗಂಭೀರವಾಗಿ ಹೇಳುತ್ತಾನೆ.

ಮರಳಿನ ಆಟ, ಬೆಳದಿಂಗಳ ಆಟ ಎಲ್ಲ ಗೊತ್ತಿದ್ದ ಆ ದೊರೆಗೆ ಮಂಜುಗಡ್ಡೆಯ ಮೇಲಿನ ಆಟ ಗೊತ್ತಾಗುವ ಸಂಭವವೇ ಇರಲಿಲ್ಲ. ಗೊತ್ತಿದ್ದರೆ ಕರ್ಲಿಂಗ್‌ಗೆ ಒಂದು ಅಧ್ಯಾಯ ಖಂಡಿತ ಕೊಡುತ್ತಿದ್ದ. ಅದರಲ್ಲೂ ಐವತ್ತು ದಾಟಿದವರು ಆಡುವ ಕರ್ಲಿಂಗ್‌ಗೆ.

ಬಸವಕಲ್ಯಾಣದಲ್ಲಿ ಬರ್ಫ್ ಅಂದರೆ ಬೇಸಿಗೆಯಲ್ಲಿ ಕಬ್ಬಿನ ಹಾಲಿಗೆ ಹಾಕುವ ತುಂಡು, ಅಷ್ಟೆ. ಮಾರ್ಚ್ ಕೊನೆಗೆ ಸಸ್ತಾಪುರ ಬಂಗ್ಲಾದಿಂದ ಹುಮನಾಬಾದ್ ಕಡೆ ಹೋಗುವ ಹೆದ್ದಾರಿಯ ಮೇಲೆ ಬಿಸಿಲ್ಗುದುರೆ ಕುಣಿಯತೊಡಗುತ್ತದೆ, ಮಧ್ಯಾಹ್ನ ಹೊರಗೆ ತಲೆ ಹಾಕುವಂತಿಲ್ಲ. ಆ ಹೊತ್ತಿನಲ್ಲಿ ಮೊಬೈಲ್ ತೆರೆದು ಕೆನಡಾದ ಹಿರಿಯರ ರಾಷ್ಟ್ರೀಯ ಕರ್ಲಿಂಗ್ ಪಂದ್ಯಗಳ ಹಳೆಯ ವಿಡಿಯೊ ಹಾಕಿಕೊಂಡು ಕೂರುವುದು ನನ್ನ ಚಟ. ತಂಪಿಗಾಗಿ ನೋಡುತ್ತೀ ಎಂದು ಮನೆಯವರು ಆಡಿಕೊಳ್ಳುತ್ತಾರೆ. ಮೊದಲು ಹಾಗೇ ಇದ್ದಿರಬಹುದು. ಈಗ ಅದರ ರುಚಿ ಬೇರೆ.

ಆಟದ ಚೌಕಟ್ಟು ಇಷ್ಟು. ಸುಮಾರು 45 ಮೀಟರ್ ಉದ್ದ, ಐದು ಮೀಟರಿಗೆ ತುಸು ಕಡಿಮೆ ಅಗಲದ ಮಂಜಿನ ಪಟ್ಟಿ. ಅದರ ಎರಡೂ ತುದಿಗೆ ಬಣ್ಣದ ವೃತ್ತಗಳು, ಹೊರಗಿನದು 12 ಅಡಿ ವ್ಯಾಸದ್ದು. ಆ ವೃತ್ತಗಳ ಗುಂಪಿಗೆ ಹೌಸ್ ಎಂದು ಹೆಸರು, ಅಂದರೆ ಮನೆ. ನಾಲ್ವರ ಎರಡು ತಂಡ. ಒಂದು ಸರದಿಯಲ್ಲಿ ತಂಡಕ್ಕೆ ಎಂಟು ಕಲ್ಲು, ತಲೆಗೆ ಎರಡು. ಒಬ್ಬರಾದ ಮೇಲೆ ಒಬ್ಬರು ಈ ತುದಿಯಿಂದ ಆ ತುದಿಯ ಮನೆಗೆ ಕಲ್ಲು ಜಾರಿಸುತ್ತಾರೆ. ಹದಿನಾರೂ ಕಲ್ಲು ಮುಗಿದಾಗ ನಡುಬಿಂದುವಿಗೆ ಯಾರ ಕಲ್ಲು ಹತ್ತಿರವಿದೆಯೋ ಆ ತಂಡಕ್ಕೆ ಮಾತ್ರ ಅಂಕ. ಎದುರಾಳಿಯ ಅತಿ ಹತ್ತಿರದ ಕಲ್ಲಿಗಿಂತ ಒಳಗಿರುವ ತಮ್ಮ ಕಲ್ಲು ಎಷ್ಟಿವೆಯೋ ಅಷ್ಟು. ಇದೊಂದು ಎಂಡ್. ಒಲಿಂಪಿಕ್ಸ್‌ನಲ್ಲಿ ಹತ್ತು ಎಂಡ್, ಹಿರಿಯರಿಗೆ ಎಂಟು.

ಕೇರಂ ಆಡಿದವರಿಗೆ ಇದರಲ್ಲಿ ಅರ್ಧ ಪರಿಚಿತವೇ. ಜಾರುವ ನುಣುಪು, ಬಿಲ್ಲೆಗೆ ಬಿಲ್ಲೆ ತಾಗಿ ಚದುರುವ ಕೋನ, ಎದುರಾಳಿಯ ದಾರಿಗೆ ಅಡ್ಡ ನಿಲ್ಲುವ ಕುತಂತ್ರ, ಎಲ್ಲ ಇದೆ. ಒಂದೇ ವ್ಯತ್ಯಾಸ: ಕೇರಂನಲ್ಲಿ ಬಿಲ್ಲೆ ಗುಳಿಗೆ ಬಿದ್ದರೆ ಅದರ ಕಥೆ ಮುಗಿಯಿತು, ಇಲ್ಲಿ ಕಲ್ಲು ನಿಂತಲ್ಲಿಂದ ಕಥೆ ಶುರು. ಮೊದಲನೆಯ ಕಲ್ಲು ಹದಿನಾರನೆಯದರ ತನಕ ಅಲ್ಲೇ ಕೂತು ಎಲ್ಲರ ಲೆಕ್ಕ ಕೆಡಿಸುತ್ತಿರಬಹುದು.

ಕಲ್ಲಿನ ವಿಷಯ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ನನಗೆ ಈ ಆಟದಲ್ಲಿ ಮೊದಲು ಕಣ್ಣು ನಿಂತದ್ದೇ ಅದರ ಮೇಲೆ. ಸ್ಕಾಟ್ಲೆಂಡಿನ ಪಡುವಣ ಕಡಲಲ್ಲಿ ಏಲ್ಸಾ ಕ್ರೇಗ್ ಎಂಬ ಒಂಟಿ ಗುಡ್ಡದ ದ್ವೀಪವಿದೆ. ಸತ್ತ ಜ್ವಾಲಾಮುಖಿಯ ಗಟ್ಟಿ ಒಡಲು ಅದು. ಈಗ ಅಲ್ಲಿ ಮನುಷ್ಯರ ವಾಸವಿಲ್ಲ, ಕಡಲಹಕ್ಕಿಗಳದ್ದೇ ಸಾಮ್ರಾಜ್ಯ. ಅಲ್ಲಿನ ಗ್ರಾನೈಟೇ ಕರ್ಲಿಂಗ್ ಕಲ್ಲಿಗೆ ಶ್ರೇಷ್ಠ. ಅದರಲ್ಲೂ ಎರಡು ಜಾತಿ: ಪೆಟ್ಟು ತಡೆಯುವ ಹಸಿರು ಛಾಯೆಯದು ಒಡಲಿಗೆ, ನೀರು ಹೀರದ ನೀಲಿ ಛಾಯೆಯ ನುಣುಪಿನದು ತಳಕ್ಕೆ. ನೀರು ಕುಡಿಯುವ ಕಲ್ಲಾದರೆ ಒಳಗಿನ ನೀರು ಹೆಪ್ಪುಗಟ್ಟಿ ಹಿಗ್ಗಿ ಮೈ ಸಿಡಿಯುತ್ತದೆ, ಅದಕ್ಕೇ ಈ ಆಯ್ಕೆ. ಮೌಕ್ಲಿನ್ ಎಂಬ ಊರಿನ ಕೇಸ್ ಕಂಪನಿ 1851ರಿಂದ ಈ ಕಲ್ಲು ಕಡೆಯುತ್ತಿದೆ. ಒಂದೊಂದರ ತೂಕ ಹದಿನೇಳರಿಂದ ಇಪ್ಪತ್ತು ಕಿಲೊ ನಡುವೆ, ಹೆಚ್ಚಾಗಿ ಇಪ್ಪತ್ತರ ಹತ್ತಿರ ಹತ್ತಿರ.

ಅದನ್ನು ತಲೆಕೆಳಗು ಮಾಡಿ ತೋರಿಸಿದ ದೃಶ್ಯವೊಂದನ್ನು ನಾನು ನಿಲ್ಲಿಸಿ ನಿಲ್ಲಿಸಿ ನೋಡಿದ್ದೇನೆ. ತಳ ಸಪಾಟಾಗಿಲ್ಲ, ಬಟ್ಟಲಿನಂತೆ ಒಳಗೆ ತಗ್ಗಿದೆ. ಅಂಚಿನಲ್ಲಿ ಸುತ್ತಲೂ ಕೆಲವೇ ಮಿಲಿಮೀಟರ್ ಅಗಲದ ಒಂದು ಉಂಗುರ. ಅಷ್ಟು ದೊಡ್ಡ ಕಲ್ಲು ನೆಲ ಮುಟ್ಟುವುದು ಆ ಉಂಗುರದಿಂದ ಮಾತ್ರ. ಹೊಟ್ಟೆಯ ಸುತ್ತ ಇನ್ನೊಂದು ಪಟ್ಟಿ ಇದೆ, ಅದು ಬೇಕೆಂದೇ ಒರಟು, ಕಲ್ಲಿಗೆ ಕಲ್ಲು ತಾಗುವುದು ಅಲ್ಲಿ. ಉಳಿದ ಮೈಯೆಲ್ಲ ಕನ್ನಡಿ. ಹುಮನಾಬಾದ್ ತಾಲ್ಲೂಕಿನ ಜಲಸಂಗಿಗೆ ಹೋಗಿ, ಅಲ್ಲಿನ ಗುಡಿಯ ಹೊರಗೋಡೆಯಲ್ಲಿ ಬೆನ್ನು ತಿರುವಿ ನಿಂತು ಕಲ್ಲಿನ ಮೇಲೆ ವಿಕ್ರಮಾದಿತ್ಯನ ಹೊಗಳಿಕೆ ಬರೆಯುತ್ತಿರುವ ಆ ಹೆಣ್ಣಿನ ಮುಂದೆ ನಿಂತವರಿಗೆ ಗೊತ್ತು: ಕಲ್ಲಿನ ಕೆಲಸದಲ್ಲಿ ಎಲ್ಲಿ ನುಣುಪು ಮಾಡಬೇಕು ಅನ್ನುವಷ್ಟೇ ಎಲ್ಲಿ ಬಿಡಬೇಕು ಅನ್ನುವುದೂ ಕೈ ಪಳಗಿದವನಿಗೆ ತಿಳಿದಿರುತ್ತದೆ. ಮೌಕ್ಲಿನ್‌ನ ಕಲ್ಲುಕುಟಿಗರು ಆ ಕುಲದವರೇ.

ಇನ್ನು ಮಂಜು. ನಾವು ಅಂದುಕೊಂಡಂತೆ ಅದು ಗಾಜಿನ ಹಾಗೆ ಸಪಾಟಾಗಿದ್ದರೆ ಕಲ್ಲು ನಡುದಾರಿ ದಾಟುವುದಿಲ್ಲ. ಆಟಕ್ಕೆ ಮುಂಚೆ ಒಬ್ಬಾತ ಬೆನ್ನಿಗೆ ನೀರಿನ ಡಬ್ಬಿ ಕಟ್ಟಿಕೊಂಡು, ಕೈಯಲ್ಲಿ ಜಾಲರಿ ಮೂತಿಯ ಕೊಳವೆ ಬೀಸುತ್ತ, ಹಿಂದೆ ಹಿಂದೆ ಹೆಜ್ಜೆ ಇಟ್ಟು ಪಟ್ಟಿಯುದ್ದಕ್ಕೂ ನೀರು ಚಿಮುಕಿಸುತ್ತಾನೆ. ಹನಿಗಳು ಬಿದ್ದಲ್ಲೇ ಹೆಪ್ಪುಗಟ್ಟಿ ಸಣ್ಣ ಸಣ್ಣ ಗುಳ್ಳೆಗಳಾಗುತ್ತವೆ. ಆಮೇಲೆ ಒಂದು ಅಲಗಿನಿಂದ ಅವುಗಳ ನೆತ್ತಿ ಮಾತ್ರ ಸವರಿ ಸಮ ಮಾಡುತ್ತಾನೆ. ಕಲ್ಲಿನ ಉಂಗುರ ಓಡುವುದು ಈ ಗುಳ್ಳೆಗಳ ನೆತ್ತಿಯ ಮೇಲೆ. ಆಟ ಸಾಗಿದಂತೆ ಗುಳ್ಳೆಗಳು ಸವೆಯುತ್ತವೆ. ಎರಡನೆಯ ಎಂಡ್‌ನಲ್ಲಿ ಸರಿಯಾಗಿ ಬಂದ ಎಸೆತ ಆರನೆಯದರಲ್ಲಿ ದಾಟಿಹೋಗುತ್ತದೆ, ಇಲ್ಲವೇ ಮೊದಲೇ ನಿಲ್ಲುತ್ತದೆ. ನೆಲ ಕ್ಷಣಕ್ಷಣಕ್ಕೂ ಬದಲಾಗುತ್ತಿರುವುದನ್ನು ಗಮನಿಸಿ ನೆನಪಿಟ್ಟುಕೊಳ್ಳುವವರೇ ಇಲ್ಲಿ ಬದುಕುತ್ತಾರೆ. ಎಳೆಯ ಆಟಗಾರರು ಈ ಕೆಲಸಕ್ಕೆ ಗಡಿಯಾರ ಹಿಡಿಯುತ್ತಾರೆ. ಹಿರಿಯರಲ್ಲಿ ಹಲವರು ಮೊದಲ ಎರಡು ಎಂಡ್ ಸುಮ್ಮನೆ ನೋಡಿಯೇ ಲೆಕ್ಕ ಹಾಕಿಬಿಟ್ಟಿರುತ್ತಾರೆ.

ಎಸೆಯುವುದು ಎನ್ನುತ್ತೇವೆ, ನಿಜಕ್ಕೂ ಎಸೆತ ಇಲ್ಲ. ರಬ್ಬರಿನ ಮೆಟ್ಟಿನಲ್ಲಿ ಒಂದು ಪಾದ ಊರಿ, ಇನ್ನೊಂದು ಪಾದದ ಜಾರುವ ಬೂಟಿನ ಮೇಲೆ ಇಡೀ ದೇಹ ಹಾಕಿ, ಮೊಣಕಾಲು ಎದೆಗೆ ಬರುವಷ್ಟು ಬಗ್ಗಿ, ಕಲ್ಲಿನ ಜತೆಗೇ ತಾವೂ ಜಾರುತ್ತಾರೆ. ಈ ತುದಿಯ ಮನೆಯ ಮುಂದಿರುವ ಗೆರೆ ದಾಟುವ ಮೊದಲು ಕೈ ಬಿಡಬೇಕು. ಬಿಡುವಾಗ ಹಿಡಿಯನ್ನು ತುಸು ತಿರುವುತ್ತಾರೆ. ಆ ತಿರುವಿನಿಂದಾಗಿ ಕಲ್ಲು ನಿಧಾನವಾಗಿ ಸುತ್ತುತ್ತ ಹೋಗಿ ಕೊನೆಯಲ್ಲಿ ಒಂದು ಬದಿಗೆ ಬಾಗುತ್ತದೆ. ಎದುರಿನ ಕಲ್ಲಿನ ಹಿಂದೆ ಹೋಗಿ ಅಡಗಿ ಕೂರುವುದಕ್ಕೆ ಅದೇ ದಾರಿ.

ಈ ಬಾಗುವಿಕೆ ಒಂದು ಒಗಟು. ಮೇಜಿನ ಮೇಲೆ ಲೋಟ ಬೋರಲು ಹಾಕಿ ಬಲಕ್ಕೆ ತಿರುವಿ ಜಾರಿಸಿ ನೋಡಿ, ಎಡಕ್ಕೆ ಹೋಗುತ್ತದೆ. ಕರ್ಲಿಂಗ್ ಕಲ್ಲು ಬಲಕ್ಕೆ ತಿರುವಿದರೆ ಬಲಕ್ಕೇ ಹೋಗುತ್ತದೆ. ಸ್ವೀಡನ್ನಿನ ಉಪ್ಸಾಲಾದ ವಿಜ್ಞಾನಿಗಳು 2013ರ ಸುಮಾರಿಗೆ ಒಂದು ವಿವರಣೆ ಕೊಟ್ಟರು: ಕಲ್ಲಿನ ಮುಂದಣ ಅಂಚು ಮಂಜಿನ ಮೇಲೆ ಕೂದಲೆಳೆಯ ಗೀರು ಬಿಡುತ್ತದೆ, ಹಿಂದಣ ಅಂಚು ಆ ಗೀರುಗಳನ್ನು ಹಿಡಿದು ಬಾಗುತ್ತದೆ ಎಂದು. ಒಪ್ಪದವರೂ ಇದ್ದಾರೆ, ವಾದ ನಡೆದೇ ಇದೆ. ಐನೂರು ವರ್ಷದಿಂದ ಮನುಷ್ಯ ಆಡುತ್ತಿರುವ ಆಟದ ಕಲ್ಲು ಯಾಕೆ ಬಾಗುತ್ತದೆ ಎಂಬುದಕ್ಕೆ ಎಲ್ಲರೂ ಒಪ್ಪುವ ಉತ್ತರ ಸಿಕ್ಕಿಲ್ಲ ಎಂಬುದೇ ನನಗೆ ಖುಷಿ. ಐನೂರು ಎಂದದ್ದು ಬಾಯಿಗೆ ಬಂದಂತೆ ಅಲ್ಲ. ಸ್ಕಾಟ್ಲೆಂಡಿನಲ್ಲಿ ಸಿಕ್ಕ ಕಲ್ಲೊಂದರ ಮೇಲೆ 1511 ಎಂದು ಕೊರೆದಿದೆ.

ಕಲ್ಲಿನ ಮುಂದೆ ಇಬ್ಬರು ಕುಂಚದಂಥ ಪೊರಕೆ ಹಿಡಿದು ಮಂಜು ಉಜ್ಜುತ್ತ ಓಡುತ್ತಾರಲ್ಲ, ಹೊಸಬರು ನಗುವುದು ಅದಕ್ಕೇ. ಉಜ್ಜಿದಾಗ ಮೇಲ್ಮೈ ತುಸು ಬಿಸಿಯಾಗಿ ಘರ್ಷಣೆ ತಗ್ಗುತ್ತದೆ, ಕಲ್ಲು ಇನ್ನೂ ಕೆಲವು ಅಡಿ ಮುಂದೆ ಹೋಗುತ್ತದೆ, ನೇರವಾಗಿಯೂ ಹೋಗುತ್ತದೆ. ಆ ತುದಿಯ ಮನೆಯಲ್ಲಿ ನಿಂತ ನಾಯಕ, ಸ್ಕಿಪ್ ಎನ್ನುತ್ತಾರೆ, ದಾರಿ ನೋಡಿ ಕೂಗುತ್ತಾನೆ. ಉಜ್ಜುವವರು ವೇಗ ನೋಡಿ ಮರುಕೂಗು ಕೊಡುತ್ತಾರೆ. ಬಿಟ್ಟ ಕಲ್ಲು ನಿಲ್ಲುವುದಕ್ಕೆ ಇಪ್ಪತ್ತು ಸೆಕೆಂಡಿನ ಮೇಲೆ ಹಿಡಿಯುತ್ತದೆ. ಅಷ್ಟೂ ಹೊತ್ತು ನಾಲ್ವರೂ ಆ ಒಂದು ಕಲ್ಲಿಗೆ ದುಡಿಯುತ್ತಿರುತ್ತಾರೆ. ಕೈ ಬಿಟ್ಟ ಮೇಲೂ ತಿದ್ದಲು ಅವಕಾಶ ಕೊಡುವ ಇನ್ನೊಂದು ಆಟ ನನಗೆ ತಿಳಿದಿಲ್ಲ.

ಕೆನಡಾದಲ್ಲಿ ಹಿರಿಯ ಗಂಡಸರ ರಾಷ್ಟ್ರೀಯ ಪಂದ್ಯಾವಳಿ 1965ರಲ್ಲಿ ಶುರುವಾಯಿತು, ಹೆಂಗಸರದು 1973ರಲ್ಲಿ. ಈಗ ಐವತ್ತು ತುಂಬಿದವರು ಅರ್ಹರು, ಮೇಲಿನ ಮಿತಿ ಇಲ್ಲ. ಪ್ರಾಂತ್ಯಗಳಲ್ಲಿ ಗೆದ್ದು ಬಂದ ತಂಡಗಳು ಸೇರಿ ಆಡುತ್ತವೆ, ಇಲ್ಲಿ ಗೆದ್ದವರಿಗೆ ವಿಶ್ವ ಹಿರಿಯರ ಪಂದ್ಯಾವಳಿಗೆ ದಾರಿ. ಅದು 2002ರಲ್ಲಿ ಅಮೆರಿಕದ ಬಿಸ್ಮಾರ್ಕ್‌ನಲ್ಲಿ ಮೊದಲಾಯಿತು. ವಿಮಾ ಏಜೆಂಟರು, ರೈತರು, ನಿವೃತ್ತ ಶಿಕ್ಷಕರು, ಹಿಂದೊಮ್ಮೆ ದೇಶದ ಚಾಂಪಿಯನ್ ಆಗಿದ್ದವರು, ಎಲ್ಲ ಒಂದೇ ಪಟ್ಟಿಯ ಮೇಲೆ ಕಾಣುತ್ತಾರೆ.

ಕೊಲೀನ್ ಜೋನ್ಸ್ ಎಂಬ ಹೆಸರು ಈ ಆಟ ನೋಡುವವರೆಲ್ಲರಿಗೂ ಗೊತ್ತು. ನೋವಾ ಸ್ಕೋಷಿಯಾದವರು, ಟಿವಿ ಪತ್ರಕರ್ತೆಯಾಗಿದ್ದರು. 1982ರಲ್ಲಿ, ಇಪ್ಪತ್ತೆರಡರ ವಯಸ್ಸಿನಲ್ಲಿ, ಕೆನಡಾದ ಮಹಿಳಾ ಪಟ್ಟ ಗೆದ್ದರು. ಒಟ್ಟು ಆರು ಸಲ ಗೆದ್ದರು, ಅದರಲ್ಲಿ ನಾಲ್ಕು 2001ರಿಂದ 2004ರ ತನಕ ಒಂದೂ ಬಿಡದೆ. ಎರಡು ಸಲ ವಿಶ್ವ ಚಾಂಪಿಯನ್. ಇಷ್ಟಾದ ಮೇಲೆ ಯಾರಾದರೂ ಹಾರ ಹಾಕಿಸಿಕೊಂಡು ಕೂರಬಹುದಿತ್ತು. ಅವರು 2016ರಲ್ಲಿ ಹಿರಿಯರ ರಾಷ್ಟ್ರೀಯ ಪಟ್ಟ ಗೆದ್ದು, 2017ರಲ್ಲಿ ಲೆತ್‌ಬ್ರಿಜ್‌ನಲ್ಲಿ ಹಿರಿಯರ ವಿಶ್ವ ಪಟ್ಟವನ್ನೂ ಗೆದ್ದರು. ಮೊದಲ ಗೆಲುವಿಗೂ ಇದಕ್ಕೂ ಮೂವತ್ತೈದು ವರ್ಷ. ಕ್ರಿಕೆಟ್‌ನಲ್ಲಿ, ಟೆನಿಸ್‌ನಲ್ಲಿ, ನಮ್ಮ ಕಬಡ್ಡಿಯಲ್ಲಿ ಇಂಥ ಲೆಕ್ಕ ಕೇಳಿದ್ದೀರಾ?

ಇನ್ನೊಬ್ಬರು ರಸ್ ಹೊವಾರ್ಡ್. 2006ರ ಟ್ಯೂರಿನ್ ಒಲಿಂಪಿಕ್ಸ್‌ಗೆ ಹೊರಟ ಕೆನಡಾ ತಂಡದ ಮುಂದಾಳು ಬ್ರಾಡ್ ಗುಷು ಎಂಬ ಇಪ್ಪತ್ತೈದರ ಹುಡುಗ. ಎರಡು ಸಲ ವಿಶ್ವ ಚಾಂಪಿಯನ್ ಆಗಿದ್ದ ಹೊವಾರ್ಡ್‌ಗೆ ಆ ಫೆಬ್ರವರಿಯಲ್ಲಷ್ಟೇ ಐವತ್ತು ತುಂಬಿತ್ತು. ಕೊನೆಯ ಕಲ್ಲು ಹುಡುಗ ಬಿಡುತ್ತಿದ್ದ, ಎಲ್ಲಿಗೆ ಬಿಡಬೇಕೆಂದು ಆ ತುದಿಯಲ್ಲಿ ನಿಂತು ಹೇಳುತ್ತಿದ್ದದ್ದು ಹೊವಾರ್ಡ್. ಫೈನಲ್‌ನಲ್ಲಿ ಫಿನ್ಲೆಂಡನ್ನು 10-4ರಿಂದ ಸೋಲಿಸಿದರು. ಆರನೆಯ ಎಂಡ್ ಒಂದರಲ್ಲೇ ಆರು ಅಂಕ. ಗುಷು ಕೆಡಿಸಿದ್ದರೆ ತಪ್ಪು ಯಾರದೆಂದು ಜನ ಹುಡುಕುತ್ತಿದ್ದರು. ಬಂಗಾರ ಬಂದ ಮೇಲೆ ಹಿರಿಯನ ಬುದ್ಧಿ, ಕಿರಿಯನ ಕೈ ಎಂದು ಸರಳ ಮಾಡಿ ಹೇಳಿದರು. ನನಗೆ ಹಾಗನ್ನಿಸುವುದಿಲ್ಲ. ಹೊವಾರ್ಡ್ ತಮ್ಮ ಪಾಲಿನ ಎರಡು ಕಲ್ಲನ್ನೂ ಪ್ರತಿ ಎಂಡ್‌ನಲ್ಲಿ ತಾವೇ ಬಿಡುತ್ತಿದ್ದರು. ಹೇಳುವವನೂ ಆಡುತ್ತಿದ್ದ ಎಂಬುದೇ ಅದರ ಸೊಗಸು.

ಇದನ್ನು ನೋಡುವಾಗೆಲ್ಲ ನನಗೆ ನಮ್ಮ ಸೀಮೆಯ ಜಾತ್ರೆಯ ಜಂಗಿ ಕುಸ್ತಿ ನೆನಪಾಗುತ್ತದೆ. ಮೊದಲು ಹುಡುಗರ ತೆಂಗಿನಕಾಯಿ ಕುಸ್ತಿ, ಕೊನೆಗೆ ಬೆಳ್ಳಿ ಕಡಗದ ಕುಸ್ತಿ. ಹಲಗಿಯ ಸದ್ದು, ಕಣದ ಸುತ್ತ ಜನ. ಆ ಜನರಲ್ಲಿ ಮುಂದಿನ ಸಾಲಿಗೆ ಕೂತ ಕೆಲವರನ್ನು ಗುರುತಿಸಬಹುದು: ಮುರಿದ ಕಿವಿ, ದಪ್ಪ ಕುತ್ತಿಗೆ, ತಲೆಗೆ ರುಮಾಲು. ಅವರು ಹಳೆಯ ಪೈಲ್ವಾನರು, ಈಗ ತಾಲೀಮಿನ ಉಸ್ತಾದರು. ಕಣದಲ್ಲಿದ್ದ ಹುಡುಗ ಹಿಡಿತ ತಪ್ಪಿದರೆ ಇವರ ಭುಜ ಅಲುಗುತ್ತದೆ. ಯಾವ ಪಟ್ಟಿಗೆ ಯಾವ ಮರುಪಟ್ಟು ಎಂಬುದು ಹುಡುಗನಿಗಿಂತ ಮೊದಲೇ ಅವರಿಗೆ ಹೊಳೆದಿರುತ್ತದೆ. ಆದರೆ ದೇಹ ಒಪ್ಪುವುದಿಲ್ಲ, ಬದಿಗೆ ಕೂತು ಕೂಗಬೇಕು, ಅಷ್ಟೆ. ಸೋಮೇಶ್ವರ ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ನೋಡಿ ದರ್ಜೆ ಮಾಡಿದ, ಅವರಿಗೆ ಬೇಳೆ, ಮಾಂಸ, ಹಾಲು, ಸಕ್ಕರೆ ಅರಮನೆಯಿಂದಲೇ ಸಲ್ಲಬೇಕೆಂದ. ಕುಸ್ತಿ ಹರೆಯದ ವಿದ್ಯೆ, ಅದಕ್ಕೆ ಯಾರನ್ನೂ ದೂರುವಂತಿಲ್ಲ. ಕರ್ಲಿಂಗ್‌ನಲ್ಲಿ ಮಾತ್ರ ಉಸ್ತಾದ ಬದಿಗೆ ಕೂರಬೇಕಿಲ್ಲ. ಅವನ ಜಾಗ ಕಣದ ನಟ್ಟನಡುವೆ.

ಹಾಗೆಂದು ವಯಸ್ಸು ಈ ಆಟಗಾರರನ್ನು ಬಿಟ್ಟಿದೆ ಎಂದಲ್ಲ. ಹಿರಿಯರ ಪಂದ್ಯದಲ್ಲಿ ಉಜ್ಜುವ ರಭಸ ಕಡಿಮೆ, ಒಂದೇಟಿಗೆ ಎರಡು ಕಲ್ಲು ಹಾರಿಸುವ ಗುಡುಗಿನ ಹೊಡೆತಗಳೂ ಕಡಿಮೆ. ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡವರು, ಕೂತವರು ಏಳುವಾಗ ಪೊರಕೆ ಊರುವವರು ಕಾಣುತ್ತಾರೆ. ಬಗ್ಗಲು ಆಗದವರಿಗೆ ಉದ್ದ ಕೋಲಿನ ತುದಿಯಿಂದ ಕಲ್ಲು ತಳ್ಳುವ ಪದ್ಧತಿಯೂ ಬಂದಿದೆ, ಕೆನಡಾದಲ್ಲಿ ಅದಕ್ಕೇ ಬೇರೆ ಪಂದ್ಯಗಳಿವೆ, ತಂಡಕ್ಕೆ ಇಬ್ಬರೇ. ಬಲ ಇಳಿದಷ್ಟೂ ಇವರು ಆಟದ ಇನ್ನೊಂದು ಬದಿಗೆ ಸರಿಯುತ್ತಾರೆ: ಹೊಡೆದು ಹೊರಹಾಕುವುದು ಬಿಟ್ಟು, ತಂದು ನಿಲ್ಲಿಸುವುದು. ಅದರಲ್ಲಿ ಇವರನ್ನು ಮೀರಿಸುವುದು ಕಷ್ಟ.

ಹಿರಿಯ ಹೆಂಗಸರ ಪಂದ್ಯವೊಂದರ ಕೊನೆಯ ಎಂಡ್ ನನ್ನ ಕಣ್ಣಲ್ಲಿದೆ. ಎದುರಾಳಿಯ ಕಲ್ಲು ನಡುಬಿಂದುವಿನ ತುಸು ಹಿಂದೆ ಕೂತಿದೆ, ಅದರ ದಾರಿಗೆ ಎರಡು ಕಾವಲು ಕಲ್ಲು. ಹೊಡೆಯಲು ಜಾಗವಿಲ್ಲ. ಕೊನೆಯ ಕಲ್ಲು ಬಿಡಬೇಕಾದವರು ನರೆತ ಕೂದಲಿನ, ಕನ್ನಡಕದ ಹೆಂಗಸು. ಕಲ್ಲಿನ ತಳ ಅಂಗೈಯಿಂದ ಒರೆಸಿದರು, ಒಂದು ಎಳೆಯೂ ಕಸ ಇರಬಾರದು. ಬಗ್ಗಿದರು. ಜಾರಿದ ರೀತಿಯಲ್ಲಿ ಅವಸರವೇ ಇಲ್ಲ. ಕೈ ಬಿಟ್ಟ ಮೇಲೂ ಬೆರಳುಗಳು ಗಾಳಿಯಲ್ಲಿ ಚಾಚಿಕೊಂಡೇ ಇದ್ದವು. ಉಜ್ಜುವ ಇಬ್ಬರೂ ಪೊರಕೆ ಎತ್ತಿ ಹಿಡಿದು ಪಕ್ಕದಲ್ಲಿ ನಡೆದರು, ಅರ್ಧ ದಾರಿ ತನಕ ಮಂಜು ಮುಟ್ಟಲೇ ಇಲ್ಲ. ಕಡಿಮೆಯಾಯಿತು, ನಿಂತುಬಿಡುತ್ತದೆ ಎಂದು ನಾನು ಇಲ್ಲಿ ಕುರ್ಚಿಯ ಅಂಚಿಗೆ ಬಂದಿದ್ದೆ. ಆ ತುದಿಯಿಂದ ಒಂದು ಕೂಗು ಬಂತು. ಇಬ್ಬರೂ ಮೈಯೆಲ್ಲ ಪೊರಕೆಯ ಮೇಲೆ ಹಾಕಿ ಉಜ್ಜಿದರು, ಕೆಲವೇ ಗಜ. ಮತ್ತೆ ಕೈ ಎತ್ತಿದರು. ಕಲ್ಲು ಮೊದಲ ಕಾವಲನ್ನು ಬಳಸಿ, ಎರಡನೆಯದರ ನೆರಳಿಗೆ ಬಾಗಿ, ನಡುಬಿಂದುವಿನ ಅಂಚು ಹತ್ತಿ ನಿಂತಿತು. ಬಿಟ್ಟವರು ನಕ್ಕರು, ಕೈ ಎತ್ತಲಿಲ್ಲ, ಕೂಗಲಿಲ್ಲ. ಎದುರಾಳಿ ನಾಯಕಿ ಬಂದು ಕೈ ಚಾಚಿದರು.

ಬೇಕಾದಷ್ಟೇ ಹಾಕುವ ಈ ಗುಣವನ್ನು ನಮ್ಮ ಕಡೆಯವರು ಸಂಗೀತದಲ್ಲಿ ಕಂಡಿದ್ದಾರೆ. ಹುಮನಾಬಾದ್ ಪಕ್ಕದ ಮಾಣಿಕನಗರದಲ್ಲಿ ಮಾಣಿಕ ಪ್ರಭುಗಳ ಸಂಸ್ಥಾನದ ದತ್ತ ಜಯಂತಿ ದರ್ಬಾರಿಗೆ ಗಾಯಕರು ಬಂದು ಸೇವೆ ಸಲ್ಲಿಸುವುದು ಹಳೆಯ ಪದ್ಧತಿ. ರಾತ್ರಿ ಕೂತು ಕೇಳಿದವರಿಗೆ ವಿಲಂಬಿತದ ರುಚಿ ಗೊತ್ತು. ಮಲ್ಲಿಕಾರ್ಜುನ ಮನ್ಸೂರರು 1992ರಲ್ಲಿ ತೀರಿಕೊಂಡಾಗ ಅವರಿಗೆ ಎಂಬತ್ತೊಂದು. ಅವರ ಕೊನೆಯ ವರ್ಷಗಳ ಧ್ವನಿಮುದ್ರಿಕೆಗಳನ್ನು ಕೇಳಿ: ದನಿ ಸಣ್ಣಗಾಗಿದೆ, ಉಸಿರು ಗಿಡ್ಡವಾಗಿದೆ, ಆದರೆ ಬೇಡದ ಒಂದು ಸ್ವರವೂ ಒಳಗೆ ಬಂದಿಲ್ಲ. ಮುಪ್ಪಿನ ಕಲೆಯಲ್ಲಿ ನಾನು ಹುಡುಕುವುದು ಅದನ್ನೇ. ಅದು ಸಿಗದ ಕಡೆ ಬರೀ ವಯಸ್ಸಿಗೆ ಚಪ್ಪಾಳೆ ಹೊಡೆಯುವವನು ನಾನಲ್ಲ. ಹಿರಿಯರ ಪಂದ್ಯಗಳಲ್ಲೂ ನೀರಸವಾದವು ಬೇಕಾದಷ್ಟಿವೆ. ಕೊನೆಯ ಕಲ್ಲು ಕೈಯಲ್ಲಿದ್ದವರು ಒಂದೇ ಅಂಕಕ್ಕಿಂತ ಸೊನ್ನೆಯೇ ಲಾಭ ಎಂದು ಬೇಕೆಂದೇ ಮನೆ ಖಾಲಿ ಮಾಡಿ ಮುಂದಿನ ಎಂಡ್‌ಗೆ ಹೋಗುತ್ತಾರೆ, ಯಾಕೆಂದರೆ ಅಂಕ ಗಳಿಸದಿದ್ದರೆ ಕೊನೆಯ ಕಲ್ಲಿನ ಹಕ್ಕು ಅವರಲ್ಲೇ ಉಳಿಯುತ್ತದೆ. ಲೆಕ್ಕಕ್ಕೆ ಸರಿ, ನೋಡುವವರಿಗೆ ಶಿಕ್ಷೆ. ಮೂರು ಎಂಡ್ ಹೀಗೆ ಹೋದರೆ ನಾನು ಎದ್ದು ಚಹಾಕ್ಕೆ ಇಡುತ್ತೇನೆ.

ನಡತೆಯ ಮಾತು ಬೇರೆ. ಆಟಕ್ಕೆ ಮುಂಚೆ ಎಂಟೂ ಜನ ಕೈ ಕುಲುಕುತ್ತಾರೆ, ಮುಗಿದ ಮೇಲೆ ಮತ್ತೆ. ಓಡುವ ಕಲ್ಲಿಗೆ ಪೊರಕೆ ತಾಗಿದರೆ ತಾಗಿಸಿದವರೇ ಹೇಳಬೇಕು, ಹೇಳುತ್ತಾರೆ. ಗೆಲ್ಲುವ ದಾರಿ ಮುಚ್ಚಿತು ಎಂದು ಗೊತ್ತಾದಾಗ ಸೋತವರೇ ಕೈ ಚಾಚಿ ಪಂದ್ಯ ಮುಗಿಸುತ್ತಾರೆ, ಉಳಿದ ಕಲ್ಲು ಹಾಗೇ ಉಳಿಯುತ್ತದೆ. ಆಮೇಲೆ ಎರಡೂ ತಂಡ ಒಂದೇ ಮೇಜಿಗೆ ಕೂರಬೇಕು, ಗೆದ್ದವರು ಸೋತವರಿಗೆ ಕುಡಿಸಬೇಕು. ಬಹುಮಾನದ ಹಣ ದೊಡ್ಡದಾದ ಕಡೆ ಈ ಸೌಜನ್ಯಕ್ಕೆ ಬಿರುಕು ಬಿದ್ದದ್ದುಂಟು. 2015ರಲ್ಲಿ ಹೊಸ ಬಗೆಯ ಪೊರಕೆ ಬಟ್ಟೆಗಳು ಬಂದು, ಬರೀ ಉಜ್ಜಿಯೇ ಕಲ್ಲನ್ನು ಬೇಕಾದತ್ತ ತಿರುಗಿಸಬಹುದು ಎಂದಾದಾಗ ದೊಡ್ಡ ಆಟಗಾರರೇ ಪರಸ್ಪರ ಮುನಿಸಿಕೊಂಡರು. ಮರುವರ್ಷ ಬಟ್ಟೆಗೂ ನಿಯಮ ಬಂತು. ಕೈಗಿಂತ ಸಲಕರಣೆ ದೊಡ್ಡದಾಗಬಾರದು ಎಂಬ ಆ ತೀರ್ಮಾನ ನನಗೆ ಸರಿಯೆನಿಸಿತು.

ಮಂಜು ಇಲ್ಲದ ಊರಿನವನು ಇದನ್ನೆಲ್ಲ ಬರೆದು ಏನು ಮಾಡುತ್ತಾನೆ ಎಂದು ಕೇಳಬಹುದು. ಮಂಜಿಲ್ಲದೆಯೂ ಇದನ್ನು ಆಡಿದ್ದುಂಟು. 1842ರಲ್ಲಿ ವಿಕ್ಟೋರಿಯಾ ರಾಣಿ ಸ್ಕಾಟ್ಲೆಂಡಿಗೆ ಹೋದಾಗ ಈ ಆಟದ ಬಗ್ಗೆ ಕುತೂಹಲಪಟ್ಟಳು. ಸೆಪ್ಟೆಂಬರ್ ತಿಂಗಳು, ಎಲ್ಲಿಯೂ ಮಂಜಿರಲಿಲ್ಲ. ಸ್ಕೋನ್ ಅರಮನೆಯ ಹೊಳಪು ಕೊಟ್ಟ ಮರದ ನೆಲದ ಮೇಲೆಯೇ ಕಲ್ಲು ಜಾರಿಸಿ ತೋರಿಸಿದರು. ರಾಣಿ ತಾನೂ ಒಂದು ಕೈ ನೋಡಿದಳು. ಮರುವರ್ಷ ಅಲ್ಲಿನ ಕರ್ಲಿಂಗ್ ಸಂಘಕ್ಕೆ ಹೆಸರಿನ ಮೊದಲಿಗೆ ‘ರಾಯಲ್’ ಸೇರಿತು. ಇಂದು ಬ್ರಿಟನ್ನಿನಲ್ಲಿ ತಳಕ್ಕೆ ಸಣ್ಣ ಉರುಳುಗುಂಡು ಹಾಕಿದ ಹಗುರ ಕಲ್ಲುಗಳಿವೆ. ಸಭಾಭವನದ ನೆಲದ ಮೇಲೆ ವೃತ್ತದ ಹಾಳೆ ಹಾಸಿ ಹಿರಿಯರು, ಅಂಗವಿಕಲರು ಒಟ್ಟಿಗೆ ಆಡುತ್ತಾರೆ. ಗಾಲಿಕುರ್ಚಿಯಲ್ಲಿ ಕೂತವರು ಕೋಲಿನಿಂದ ತಳ್ಳುತ್ತಾರೆ.

ನಮ್ಮಲ್ಲಿ ಅಕ್ಟೋಬರ್ 1ರ ಹಿರಿಯ ನಾಗರಿಕರ ದಿನಕ್ಕೆ ಬ್ಯಾನರ್ ಕಟ್ಟುತ್ತಾರೆ, ಶಾಲು ಹೊದಿಸುತ್ತಾರೆ, ಬಿರುಸಿನ ನಡಿಗೆ, ಬಕೆಟ್ಟಿಗೆ ಚೆಂಡು ಹಾಕುವ ಸ್ಪರ್ಧೆ ಇಡುತ್ತಾರೆ. ಅಜ್ಜಂದಿರು ಅಜ್ಜಿಯರು ನಗುತ್ತ ಹಾಕಿ ಮನೆಗೆ ಹೋಗುತ್ತಾರೆ. ಅವರಲ್ಲಿ ಅಂಗಡಿಯ ಲೆಕ್ಕ ಇಟ್ಟವರಿದ್ದಾರೆ, ಬಾವಿ ತೋಡಿಸಿದವರಿದ್ದಾರೆ, ಹತ್ತು ಎಕರೆ ತೊಗರಿ ನಂಬಿ ಮನೆ ನಡೆಸಿದವರಿದ್ದಾರೆ. ಅವರ ತಲೆಗೆ ಕೆಲಸ ಕೊಡುವ ಒಂದು ಆಟವನ್ನೂ ಆ ದಿನ ಇಡಬಾರದೆ? ಬಸವಕಲ್ಯಾಣದಲ್ಲಾಗಲಿ ಹುಮನಾಬಾದ್‌ನಲ್ಲಾಗಲಿ ಶಹಾಬಾದ್ ಕಲ್ಲು ಹಾಸಿದ ಕಲ್ಯಾಣ ಮಂಟಪಗಳಿಗೆ ಬರವಿಲ್ಲ. ನೆಲ ಒರೆಸಿ ಸೀಮೆಸುಣ್ಣದಲ್ಲಿ ಮೂರು ವೃತ್ತ ಬರೆದರೆ ಕಣ ಸಿದ್ಧ. ಉರುಳುಗುಂಡಿನ ಕಲ್ಲುಗಳನ್ನು ಇಲ್ಲಿನ ವರ್ಕ್‌ಶಾಪಿನಲ್ಲೇ ಮಾಡಿಸಬಹುದು, ಹದಿನಾರು ಸಾಕು. ಮುಂದಾಗುವ ಸಂಘ, ಯುವಕ ಮಂಡಳಿ ಯಾವುದಾದರೂ ಇದ್ದರೆ ಮಂಟಪ ಗೊತ್ತು ಮಾಡಲಿ. ಆಡುವ ಎಂಟು ಹಿರಿಯರನ್ನು ಕರೆತರುವ, ನಿಯಮ ಹೇಳಿಕೊಡುವ, ಗೆದ್ದವರಿಂದ ಸೋತವರಿಗೆ ಚಹಾ ಕುಡಿಸುವ ಹೊಣೆ ನನಗಿರಲಿ.